ಮಂದಿ ಕಾಣದ ಕುದುರೆ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬ್ಯಾಂಕಿನವರು ಕುದುರೆ ಕೊಳ್ಳುವುದಕ್ಕೂ ಸಾಲ ಕೊಡುತ್ತಿದ್ದೆವು ಎಂದರೆ ಇಲ್ಲಿ ಮುಂಬಯಿಯ ನಮ್ಮ ಶಾಖೆಯ ಹುಡುಗರು ನಗುತ್ತಾರೆ. ಅವರ ಪಾಲಿಗೆ ಸಾಲ ಎಂದರೆ ಮನೆ, ಕಾರು, ಹೆಚ್ಚೆಂದರೆ ಮಗಳ ಓದು. "ಸರ್, ಕಂತು ಕಟ್ಟದಿದ್ದರೆ ಕುದುರೆ ಜಪ್ತಿ ಮಾಡಿ ಎಲ್ಲಿ ಕಟ್ಟುತ್ತಿದ್ದಿರಿ? ಸ್ಟ್ರಾಂಗ್ ರೂಮಿನಲ್ಲಾ?" ಎಂದು ಮೊನ್ನೆ ಒಬ್ಬಳು ಕೇಳಿದಳು. ನಾನೂ ನಕ್ಕೆ. ಆದರೆ ಆ ರಾತ್ರಿ ಮನೆಗೆ ಹೋಗುವ ಲೋಕಲ್‌ನಲ್ಲಿ ಮೂವತ್ತು ವರ್ಷಕ್ಕೂ ಹಿಂದಿನ ಒಂದು ಕುದುರೆ ನೆನಪಾಗಿ, ಇಳಿಯುವ ಸ್ಟೇಷನ್ ತಪ್ಪುವುದರಲ್ಲಿತ್ತು.

ಬಿ.ಕಾಂ. ಮುಗಿಸಿ, ಬ್ಯಾಂಕಿಂಗ್ ಸರ್ವಿಸ್ ರಿಕ್ರೂಟ್‌ಮೆಂಟ್ ಬೋರ್ಡಿನ ಪರೀಕ್ಷೆ ಪಾಸಾಗಿ, ಗುಮಾಸ್ತನಾಗಿ ನಾನು ಮೊದಲು ಹೋಗಿ ಬಿದ್ದದ್ದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಒಂದು ಊರಿಗೆ. ಮಹಾರಾಷ್ಟ್ರವಾದರೂ ಅಲ್ಲಿ ಅರ್ಧಕ್ಕರ್ಧ ಮಂದಿಯ ಮನೆಮಾತು ಕನ್ನಡ. ಮ್ಯಾನೇಜರ್ ಮತ್ತು ಫೀಲ್ಡ್ ಆಫೀಸರ್ ಇಬ್ಬರಿಗೂ ಕನ್ನಡ ಬಾರದು. ಹೀಗಾಗಿ ಸಾಲದ ತಪಾಸಣೆಗೆ ಹೋಗುವಾಗಲೆಲ್ಲ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆಗ ಐಆರ್‌ಡಿಪಿ ಎಂಬ ಯೋಜನೆ ಇತ್ತು. 1999ರಲ್ಲಿ ಅದು ಬೇರೆ ಯೋಜನೆಯೊಳಗೆ ಸೇರಿಹೋಯಿತು. ಬಡವರಿಗೆ ಎಮ್ಮೆ, ಕುರಿ, ಹೊಲಿಗೆ ಯಂತ್ರ, ಎತ್ತಿನ ಗಾಡಿ ಕೊಳ್ಳಲು ಸಾಲ, ಜೊತೆಗೆ ಸರ್ಕಾರದ ಸಬ್ಸಿಡಿ. ಟಾಂಗಾ ಹೊಡೆಯುವವರಿಗೆ ಕುದುರೆ. ಎಮ್ಮೆಯಾದರೆ ವಿಮೆಯವರು ಕಿವಿಗೆ ಬಿಲ್ಲೆ ಹೊಡೆಯುತ್ತಿದ್ದರು. ಕುದುರೆಯಾದರೆ ಬಣ್ಣ, ಹಣೆಯ ಚುಕ್ಕೆ, ಮೈಮೇಲಿನ ಸುಳಿ, ಹಲ್ಲು ನೋಡಿ ಹೇಳಿದ ವಯಸ್ಸು, ಪಶುವೈದ್ಯರು ಕಟ್ಟಿದ ಬೆಲೆ ಇಷ್ಟನ್ನು ಫಾರಮ್ಮಿನಲ್ಲಿ ತುಂಬಿದರೆ ನಮ್ಮ ಕೆಲಸ ಮುಗಿಯಿತು.

ಆ ಕುದುರೆಯ ಕತೆಯನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ಸುಮಾರು 2400 ವರ್ಷ ಹಳೆಯದಾದ ಇನ್ನೊಂದು ಕುದುರೆ ಸಾಲದ ಸಂಗತಿ ಹೇಳಬೇಕು. ಅದನ್ನು ಓದಿದ ಮೇಲೆಯೇ ನನ್ನ ಕುದುರೆಯ ವಿಷಯದಲ್ಲಿ ಏನು ತಪ್ಪಿತ್ತು ಎಂದು ನನಗೆ ಸರಿಯಾಗಿ ಅರ್ಥವಾದದ್ದು.

ಕೆಲವು ವರ್ಷಗಳ ಹಿಂದೆ ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಕೆದಕುತ್ತಿದ್ದಾಗ ಜೆನೊಫೋನ್ ಎಂಬ ಗ್ರೀಕನ 'ಕುದುರೆ ಸವಾರಿಯ ಕಲೆ' ಸಿಕ್ಕಿತು. ಮಾರ್ಗನ್ ಎಂಬ ಅಮೆರಿಕದ ಪ್ರಾಧ್ಯಾಪಕರು 1893ರಲ್ಲಿ ಇಂಗ್ಲಿಷಿಗೆ ತಂದದ್ದು. ಕುದುರೆಯ ಬಗ್ಗೆ ನನಗೇನೂ ಗೊತ್ತಿಲ್ಲ. 'ಕುದುರೆ ಕಂಡರೆ ಕಾಲು ನೋವು' ಎನ್ನುವ ಗಾದೆ ನನ್ನಂಥವನನ್ನು ನೋಡಿಯೇ ಮಾಡಿದ್ದಿರಬೇಕು. ಪುಸ್ತಕ ತೆಳ್ಳಗಿತ್ತು, ಅಗ್ಗವಾಗಿತ್ತು, ಕೊಂಡೆ. ಓದುತ್ತ ಹೋದ ಹಾಗೆ ಅದರ ಸುತ್ತಮುತ್ತಲಿನದೂ ಬೇಕೆನಿಸಿತು. ಅಲ್ಲಿಂದ ಅಥೆನ್ಸಿನ ಅಶ್ವದಳದ ಇತಿಹಾಸಕ್ಕೆ ಹೋದೆ. ಹೋದರೆ ಅಲ್ಲಿ ನೋಡಿ, ಪೂರ್ತಿ ನಮ್ಮ ಲೋನ್ ಡಿಪಾರ್ಟ್‌ಮೆಂಟೇ ಕೂತಿದೆ!

ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಅಥೆನ್ಸ್ ನಗರ ಸುಮಾರು 1000 ಮಂದಿಯ ಅಶ್ವದಳ ಇಟ್ಟುಕೊಂಡಿತ್ತು. ಕುದುರೆ ಸವಾರನದೇ. ಆದರೆ ದಳಕ್ಕೆ ಸೇರುವಾಗ ಕುದುರೆ ಕೊಳ್ಳಲೆಂದು ಸರ್ಕಾರ ಮುಂಗಡ ಹಣ ಕೊಡುತ್ತಿತ್ತು. ಅದಕ್ಕೆ 'ಕಟಾಸ್ಟಾಸಿಸ್' ಎಂದು ಹೆಸರು. ದಳ ಬಿಡುವಾಗ ಹಿಂದಿರುಗಿಸಬೇಕು. ವಸೂಲಿಯೂ ಇತ್ತು. ಕ್ರಿ.ಪೂ. 403ರಲ್ಲಿ 'ಮೂವತ್ತು ಮಂದಿ'ಯ ದಬ್ಬಾಳಿಕೆಯ ಆಡಳಿತ ಬಿದ್ದು ಪ್ರಜಾಪ್ರಭುತ್ವ ಮರಳಿ ಬಂದಾಗ, ಆ ಆಡಳಿತದಲ್ಲಿ ಸವಾರರಾಗಿದ್ದವರ ಪಟ್ಟಿ ತಯಾರಿಸಿ ಮುಂಗಡವನ್ನು ವಾಪಸ್ಸು ಪಡೆಯಲು ಹೊರಟರು. ಸುಸ್ತಿದಾರರ ಪಟ್ಟಿ ಎನ್ನುವುದು ನಾವು ಕಂಡುಹಿಡಿದದ್ದಲ್ಲ.

ಇನ್ನೊಂದು ಸಂಗತಿ ಕೇಳಿ. 1960 ಮತ್ತು 70ರ ದಶಕಗಳಲ್ಲಿ ಅಥೆನ್ಸಿನ ಹಳೆಯ ಬಾವಿಗಳಲ್ಲಿ ಸೀಸದ ತೆಳು ಪಟ್ಟಿಗಳು ನೂರಾರು ಸಿಕ್ಕವು. ಬೀಡಿ ಸುತ್ತಿದ ಹಾಗೆ ಸುತ್ತಿಟ್ಟವು. ಬಿಚ್ಚಿ ನೋಡಿದರೆ ಕುದುರೆಯ ಒಡೆಯನ ಹೆಸರು, ಕುದುರೆಯ ಬಣ್ಣ, ಅದರ ಮೈಮೇಲಿನ ಮುದ್ರೆ, ಕಟ್ಟಿದ ಬೆಲೆ ಎಷ್ಟು ದ್ರಾಕ್ಮಾ ಎಂಬ ವಿವರ. ಅತಿ ಹೆಚ್ಚಿನ ಬೆಲೆ 1200 ದ್ರಾಕ್ಮಾ. ಯುದ್ಧದಲ್ಲಿ ಕುದುರೆ ಸತ್ತರೆ ಒಡೆಯನಿಗೆ ಪರಿಹಾರ ಕೊಡಲು ಹೀಗೆ ಬರೆದಿಡುತ್ತಿದ್ದರು ಎಂದು ವಿದ್ವಾಂಸರ ಊಹೆ. ಬಣ್ಣ, ಗುರುತು, ಬೆಲೆ. ಅಕ್ಕಲಕೋಟೆಯಲ್ಲಿ ನಾನು ತುಂಬುತ್ತಿದ್ದ ಫಾರಮ್ಮಿನ ಅಂಕಣಗಳೇ. ಅದನ್ನು ಓದಿದಾಗ ಆದ ಸಂತೋಷ ನನ್ನ ಹೆಂಡತಿಗೆ ಅರ್ಥವಾಗಲಿಲ್ಲ. "ಬೀಡಿ ಅಂಗಡೀಲಿ ಲೆಕ್ಕ ಸಿಕ್ಕಿತಾ?" ಎಂದು ಕೇಳಿ ಒಳಗೆ ಹೋದಳು.

ಆದರೆ ಅಥೆನ್ಸಿನವರು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಅಲ್ಲಿನ ಐನೂರು ಮಂದಿಯ ಪರಿಷತ್ತು ಕುದುರೆಗಳನ್ನು ಕಣ್ಣೆದುರು ಓಡಿಸಿ ಪರೀಕ್ಷೆ ಮಾಡುತ್ತಿತ್ತು. ಇದರ ಹೆಸರು 'ಡೊಕಿಮಾಸಿಯಾ'. ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ಸಂವಿಧಾನ' ಎಂಬ ಗ್ರಂಥದಲ್ಲಿ ಇದರ ವಿವರ ಇದೆ. ಕಳೆದೇಹೋಗಿದ್ದ ಆ ಗ್ರಂಥ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ 1891ರಲ್ಲಿ ಅಚ್ಚಾಯಿತು. ಕುದುರೆ ಒಳ್ಳೆಯದಿದ್ದು ಒಡೆಯ ಸರಿಯಾಗಿ ಸಾಕದಿದ್ದರೆ ಅವನಿಗೆ ಕೊಡುವ ಮೇವಿನ ಭತ್ಯೆಗೆ ಕತ್ತರಿ. ಉಳಿದವುಗಳ ಸಮಕ್ಕೆ ಓಡಲಾರದ, ಅಥವಾ ಸಾಲಿನಲ್ಲಿ ನಿಲ್ಲದೆ ಕಿತ್ತುಕೊಂಡು ಹೋಗುವ ಕುದುರೆಯಾದರೆ ಅದರ ದವಡೆಯ ಮೇಲೆ ಚಕ್ರದ ಮುದ್ರೆ ಒತ್ತುತ್ತಿದ್ದರು. ಅಲ್ಲಿಗೆ ಅದು ನಪಾಸು.

ನೋಡಿ, ಅವರ ಪರೀಕ್ಷೆಯಲ್ಲಿ ನಮ್ಮ ಫಾರಮ್ಮಿನಲ್ಲಿ ಇಲ್ಲದ ಒಂದು ಪ್ರಶ್ನೆ ಇತ್ತು. ಕುದುರೆ ಎಷ್ಟು ಬೆಲೆಯದು, ಎಷ್ಟು ವಯಸ್ಸಿನದು ಎನ್ನುವುದಲ್ಲದೆ, ನಾಲ್ಕು ಜನರ ಮುಂದೆ, ಹತ್ತು ಕುದುರೆಗಳ ನಡುವೆ ಅದು ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಹಲ್ಲು ನೋಡಿ ಉತ್ತರ ಹೇಳಲಾಗುವುದಿಲ್ಲ.

ಇಷ್ಟಕ್ಕೂ ಮಂದಿಯ ಮುಂದೆ ನಿಲ್ಲುವುದು ಕುದುರೆಗೆ ಸಣ್ಣ ಕೆಲಸವಲ್ಲ. ಹುಲ್ಲು ತಿನ್ನುವ, ಬೇಟೆಗೆ ಸಿಕ್ಕಿ ಸಾಯುವ ಜಾತಿ ಅದು. ಅದಕ್ಕೆ ಗೊತ್ತಿರುವ ದೊಡ್ಡ ಉಪಾಯ ಓಟ. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಸ್ವಲ್ಪ ಜಾಗ ಕಾಣುವುದಿಲ್ಲ. ಹಿಂದಿನಿಂದ ಒಂದು ಬಟ್ಟೆ ಪಟಪಟ ಎಂದರೆ ಅದು ಬಟ್ಟೆಯೋ ಚಿರತೆಯೋ ಎಂದು ವಿಚಾರ ಮಾಡುತ್ತ ನಿಂತ ಕುದುರೆಗಳ ಸಂತಾನ ಬಹಳ ಉಳಿದಿರಲಾರದು. ಅಂಥ ಪ್ರಾಣಿಯ ಬೆನ್ನ ಮೇಲೆ ಕೂತು, ವಾದ್ಯ, ಬಾವುಟ, ಕೇಕೆಗಳ ನಡುವೆ ಮೆರವಣಿಗೆ ಹೋಗಬೇಕು. ಅಥೆನ್ಸಿನಲ್ಲಿ ಪಾನಥೆನಾಯಾ ಎಂಬ ಹಬ್ಬದ ಮೆರವಣಿಗೆ ಇತ್ತು. ನಾಲ್ಕು ವರ್ಷಕ್ಕೊಮ್ಮೆ ಅದನ್ನು ದೊಡ್ಡದಾಗಿ ಮಾಡುತ್ತಿದ್ದರು. ಪಾರ್ಥೆನಾನ್ ದೇವಾಲಯದ ಗೋಡೆಯ ಸುತ್ತ ಸುಮಾರು 160 ಮೀಟರ್ ಉದ್ದಕ್ಕೆ ಕೆತ್ತಿರುವ ಶಿಲ್ಪಪಟ್ಟಿಯಲ್ಲಿ ಆ ಸವಾರರನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಮುಂಗಾಲೆತ್ತಿ ಪುಟಿಯುವ ಕುದುರೆಗಳು, ಮೇಲೆ ಶಾಂತವಾಗಿ ಕೂತ ಹುಡುಗರು. ಕ್ರಿ.ಪೂ. 440ರ ಆಸುಪಾಸಿನ ಕೆತ್ತನೆ. ಆ ಕಾಲದ ಗ್ರೀಕರಿಗೆ ಇಂದಿನಂಥ ಜೀನಿಲ್ಲ, ರಿಕಾಪೂ ಇಲ್ಲ. ಕುದುರೆ ಬೆದರಿದರೆ ಹಿಡಿದುಕೊಳ್ಳಲು ಅದರ ಕತ್ತಿನ ಕೂದಲೇ ಗತಿ.

ಹಾಗಾದರೆ ಮಂದಿ ಕಾಣದ ಕುದುರೆಯನ್ನು ಆ ದಿನಕ್ಕೆ ಹೇಗೆ ತಯಾರು ಮಾಡುತ್ತಿದ್ದರು? ಅದನ್ನೇ ಜೆನೊಫೋನ್ ಬರೆದಿಟ್ಟಿದ್ದಾನೆ. ಅವನು ಅಥೆನ್ಸಿನವನು, ಸಾಕ್ರಟೀಸನ ಶಿಷ್ಯ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ಒಳನಾಡಿನಲ್ಲಿ ಸಿಕ್ಕಿಹಾಕಿಕೊಂಡ ಹತ್ತು ಸಾವಿರ ಗ್ರೀಕ್ ಕೂಲಿ ಸೈನಿಕರನ್ನು ಹಿಂದಕ್ಕೆ ಕರೆತಂದ ನಾಯಕರಲ್ಲಿ ಒಬ್ಬ. ಆಮೇಲೆ ಗಡೀಪಾರಾಗಿ ಒಲಿಂಪಿಯಾದ ಹತ್ತಿರ ಜಮೀನು ಮಾಡಿಕೊಂಡಿದ್ದ. ವಯಸ್ಸಾದ ಮೇಲೆ, ತನಗಿಂತ ಕಿರಿಯ ಗೆಳೆಯರಿಗೆ ಉಪಯೋಗವಾಗಲಿ ಎಂದು ಕುದುರೆಯ ಬಗ್ಗೆ ಬರೆದ. ತನಗಿಂತ ಮುಂಚೆ ಸೈಮನ್ ಎಂಬುವನು ಬರೆದಿದ್ದಾನೆ ಎಂದು ಮೊದಲಲ್ಲೇ ನೆನೆಯುತ್ತಾನೆ. ನಮ್ಮಲ್ಲಿ ಹಿಂದಿನ ಮ್ಯಾನೇಜರ್ ಮಾಡಿದ್ದನ್ನು ಒಪ್ಪಿಕೊಂಡು ಚಾರ್ಜ್ ತೆಗೆದುಕೊಂಡವರನ್ನು ನಾನು ಕಂಡದ್ದು ಕಡಿಮೆ.

ಕುದುರೆ ಕೊಳ್ಳುವಾಗ ಮೊದಲು ಗೊರಸು ನೋಡು, ಅಡಿಪಾಯ ಸರಿಯಿಲ್ಲದ ಮನೆ ಎಷ್ಟು ಚಂದವಿದ್ದರೇನು ಎನ್ನುತ್ತಾನೆ. ಆಮೇಲೆ ಮರಿಯನ್ನು ಪಳಗಿಸುವ ಮಾತು. ಮಗನನ್ನು ಕಸುಬು ಕಲಿಯಲು ಬಿಡುವ ಹಾಗೆ ಮರಿಯನ್ನು ಪಳಗಿಸುವವನ ಹತ್ತಿರ ಬಿಡು, ಆದರೆ ವಾಪಸ್ಸು ಬರುವಾಗ ಅದಕ್ಕೆ ಏನೇನು ಬರಬೇಕು ಎಂದು ಮೊದಲೇ ಬರಹದಲ್ಲಿ ಕರಾರು ಮಾಡಿಕೊ ಎನ್ನುತ್ತಾನೆ. ಬ್ಯಾಂಕಿನವನಿಗೆ ಇದಕ್ಕಿಂತ ಇಷ್ಟವಾಗುವ ಮಾತು ಬೇಕೆ!

ಪಳಗಿಸುವವನ ಹತ್ತಿರ ಕಳಿಸುವ ಮುಂಚೆಯೇ ಮನೆಯಲ್ಲಿ ಆಗಬೇಕಾದ ಕೆಲಸ ಇದೆ, ಅದು ಒಡೆಯನ ಜವಾಬ್ದಾರಿ ಎನ್ನುತ್ತಾನೆ. ಮರಿಗೆ ಮನುಷ್ಯರ ಮೇಲೆ ಪ್ರೀತಿ ಹುಟ್ಟಿರಬೇಕು. ಅದಕ್ಕೆ ಅವನು ಹೇಳುವ ದಾರಿ ಬಹಳ ಸರಳ. ಹಸಿವು, ನೀರಡಿಕೆ, ನೊಣದ ಕಾಟ ಇವೆಲ್ಲ ಒಬ್ಬಂಟಿಯಾಗಿದ್ದಾಗ ಬರುತ್ತವೆ, ಮೇವು, ನೀರು, ನೊಣ ಓಡಿಸುವ ಕೈ ಇವೆಲ್ಲ ಮನುಷ್ಯನ ಜೊತೆ ಬರುತ್ತವೆ ಎಂದು ಮರಿಗೆ ಅನ್ನಿಸಬೇಕು. ಕೂದಲು ದಟ್ಟವಾಗಿರುವ ಕಡೆ, ತುರಿಕೆಯಾದರೆ ಅದಕ್ಕೇ ತುರಿಸಿಕೊಳ್ಳಲು ಆಗದ ಕಡೆ ಕೈಯಾಡಿಸಬೇಕು. ಆಮೇಲೆ ಲಾಯದ ಆಳು ಅದನ್ನು ಜನಸಂದಣಿಯ ನಡುವೆ ನಡೆಸಿಕೊಂಡು ಹೋಗಬೇಕು. ತರತರದ ನೋಟ, ತರತರದ ಸದ್ದು ರೂಢಿಯಾಗಬೇಕು. ಯಾವುದಕ್ಕಾದರೂ ಬೆದರಿದರೆ ಗದರಿಸಿ ಅಲ್ಲ, ಮೆಲ್ಲಗೆ ಸಮಾಧಾನ ಮಾಡಿ, ಅದರಲ್ಲಿ ಹೆದರುವಂಥದ್ದೇನಿಲ್ಲ ಎಂದು ಕಲಿಸಬೇಕು.

ಮುಂದೆ ಒಂದು ಕಡೆ ಇದನ್ನೇ ಇನ್ನೂ ಬಿಡಿಸಿ ಹೇಳುತ್ತಾನೆ. ನಾನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಜಾಗ ಅದು. ಕುದುರೆಯ ಹತ್ತಿರ ಎಂದೂ ಸಿಟ್ಟಿನಲ್ಲಿ ಹೋಗಬೇಡ, ಸಿಟ್ಟಿಗೆ ಮುಂದಾಲೋಚನೆ ಇಲ್ಲ, ಆಮೇಲೆ ಪಶ್ಚಾತ್ತಾಪ ಪಡುವಂಥದ್ದನ್ನು ಮಾಡಿಸುತ್ತದೆ ಎನ್ನುತ್ತಾನೆ. ಕುದುರೆ ಯಾವುದಾದರೂ ವಸ್ತು ನೋಡಿ ಹಿಂಜರಿದರೆ ನೀನೇ ಮೊದಲು ಹೋಗಿ ಆ ವಸ್ತುವನ್ನು ಮುಟ್ಟು, ಆಮೇಲೆ ಕುದುರೆಯನ್ನು ಮೆಲ್ಲಗೆ ಹತ್ತಿರ ಕರೆದುಕೊಂಡು ಬಾ. ಆಗ ಹೊಡೆದರೆ ಹೆದರಿಕೆ ಹೆಚ್ಚುತ್ತದೆ. ಯಾಕೆಂದರೆ ತನಗಾದ ನೋವೂ ಆ ವಸ್ತುವಿನಿಂದಲೇ ಆಯಿತು ಎಂದು ಕುದುರೆ ತಿಳಿಯುತ್ತದೆ. ಇಷ್ಟೇ ಮಾತು. ಆದರೆ ಸ್ವಲ್ಪ ನಿಂತು ಯೋಚಿಸಿ ನೋಡಿ. ಕುದುರೆ ಬಾವುಟಕ್ಕೆ ಹೆದರಿತು, ನೀವು ಚಾಟಿ ಬೀಸಿದಿರಿ. ಬಾವುಟ ಕಂಡರೆ ಕೆಟ್ಟದ್ದಾಗುತ್ತದೆ ಎಂದು ಅದಕ್ಕೆ ಸುಮ್ಮನೆ ಅನುಮಾನವಿತ್ತು. ನೀವು ಅದನ್ನು ಖಾತರಿ ಮಾಡಿಕೊಟ್ಟಿರಿ.

ಪ್ರದರ್ಶನದ ಕುದುರೆಗೆಂದೇ ಕೊನೆಯಲ್ಲಿ ಬೇರೆ ಅಧ್ಯಾಯ ಇದೆ. ಬಲವಂತದಿಂದ ಮಾಡಿದ್ದನ್ನು ಕುದುರೆ ಅರ್ಥವಿಲ್ಲದೆ ಮಾಡುತ್ತದೆ, ನರ್ತಕನನ್ನು ಚಾಟಿಯಿಂದ ಹೊಡೆದು ಕುಣಿಸಿದರೆ ಎಷ್ಟು ಚಂದವೋ ಇದೂ ಅಷ್ಟೇ ಚಂದ ಎಂದು ಸೈಮನ್ ಹೇಳಿದ್ದನ್ನು ಒಪ್ಪಿ ಬರೆಯುತ್ತಾನೆ. ಬೇರೆ ಕುದುರೆಗಳ ಮುಂದೆ ತಾನಾಗಿ ಬೀಗುವಾಗ ಕುದುರೆ ಹೇಗೆ ಕತ್ತು ಬಾಗಿಸಿ, ಕಾಲೆತ್ತಿ ನಡೆಯುತ್ತದೋ ಅದನ್ನೇ ನೀನು ಕೇಳಿದಾಗ ಮಾಡುವ ಹಾಗೆ ಕಲಿಸು ಎನ್ನುತ್ತಾನೆ. ಚೆನ್ನಾಗಿ ಮಾಡಿತೋ, ಕೂಡಲೇ ಇಳಿ, ಕಡಿವಾಣ ಬಿಚ್ಚು. ಮುಂದಿನ ಸಲ ಅದು ಖುಷಿಯಿಂದ ಮಾಡುತ್ತದೆ.

ಹೀಗೆಂದು ಅವನನ್ನು ಸಾಧುಸಂತ ಮಾಡಬೇಕಾಗಿಲ್ಲ. ಅವನು ತಯಾರು ಮಾಡುತ್ತಿದ್ದದ್ದು ಯುದ್ಧಕ್ಕೆ ಹೋಗುವ ಕುದುರೆಯನ್ನು. ಒಂದು ನುಣುಪಾದ ಕಡಿವಾಣ, ಒಂದು ಮುಳ್ಳಿನಂಥ ಒರಟು ಕಡಿವಾಣ, ಎರಡೂ ಇರಲಿ ಎಂದು ಹೇಳಿದವನೂ ಅವನೇ. ಇನ್ನೊಂದು, ಮರಿಯನ್ನು ದಿನಾ ಸಂದಣಿಯಲ್ಲಿ ನಡೆಸುತ್ತಿದ್ದ ಲಾಯದ ಆಳು ಹೆಚ್ಚಾಗಿ ಗುಲಾಮ. ಸೀಸದ ಪಟ್ಟಿಯಲ್ಲಿ ಒಡೆಯನ ಹೆಸರಿದೆ, ಕುದುರೆಯ ಬಣ್ಣವಿದೆ, ಆ ಆಳಿನ ಹೆಸರಿಲ್ಲ. ಮೆರವಣಿಗೆಯ ದಿನ ಕುದುರೆ ಬೆದರದೆ ನಡೆದದ್ದು ಅವನ ಕೈಯ ಗುಣ. ಇದು ನನಗೆ ಯಾಕೋ ಬಹಳ ಕಾಡಿತು.

ನಮ್ಮ ಕಡೆಗೂ ಒಂದು ಮಾತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ ಅಥವಾ ಬರೆದ. ಕಲ್ಯಾಣ ಎಂದರೆ ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ. ನಮ್ಮ ಡೊಂಬಿವಲಿ ಪಕ್ಕದ ಕಲ್ಯಾಣ ಅಲ್ಲ, ಹೊಸಬರು ಕೇಳುತ್ತಾರೆ ಎಂದು ಹೇಳಿದೆ. ಆ ಗ್ರಂಥದಲ್ಲಿ ರಾಜನ ವಿನೋದಗಳ ಭಾಗದಲ್ಲಿ ಕುದುರೆಯ 'ವಾಹ್ಯಾಲಿ' ಒಂದು. ಆರಿಸಿದ ಕುದುರೆಗಳನ್ನು ಮೈದಾನಕ್ಕೆ ತಂದು ನಡಿಗೆ ತೋರಿಸುವುದು, ಕುದುರೆಯ ಮೇಲೆ ಕೂತು ಚೆಂಡಾಡುವುದು ಎಲ್ಲ ಅದರಲ್ಲಿ ಬರುತ್ತದೆ. ಕನ್ನಡದಲ್ಲಿ ಇದೇ ಮಾತು ವೈಹಾಳಿ, ವೈಯಾಳಿ ಎಂದಾಗಿದೆ. ಕುದುರೆ ಪಳಗಿಸುವ, ಲಾಯ ನೋಡಿಕೊಳ್ಳುವ ಅಧಿಕಾರಿಗೆ ಸಾಹಣಿ ಎಂಬ ಪದವಿ ನಮ್ಮ ಶಾಸನಗಳಲ್ಲಿ ಸಿಗುತ್ತದೆ. ಕುದುರೆಯನ್ನು ಹತ್ತಿ ಮೆರೆಯುವವನಿಗೆ ರಾವುತ ಎಂಬ ಹೆಸರಿದ್ದ ಹಾಗೆ ಅದನ್ನು ಮೆರೆಯಲು ತಯಾರು ಮಾಡುವವನಿಗೂ ಒಂದು ಹೆಸರು, ಒಂದು ಮರ್ಯಾದೆ ನಮ್ಮಲ್ಲಿ ಇತ್ತು.

ಈಗ ನನ್ನ ಕುದುರೆಯ ಕತೆ.

1991ರ ಜನವರಿ ಇರಬೇಕು. ಟಾಂಗಾ ಹೊಡೆಯುವ ಒಬ್ಬ ವಯಸ್ಸಾದವರು, ಊರವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ, ಅವರ ಹಳೆಯ ಕುದುರೆ ಸತ್ತಿತ್ತು. ನಮ್ಮಲ್ಲಿ ಎಂಟು ಸಾವಿರ ರೂಪಾಯಿ ಸಾಲ ಮಂಜೂರಾಯಿತು. ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಗೆ ಹೋಗಿ ಒಂದು ಕಂದು ಬಣ್ಣದ ಹೆಣ್ಣು ಕುದುರೆ ತಂದರು. ಹಣೆಯ ಮೇಲೆ ಬಿಳಿ ಚುಕ್ಕೆ. ಇನ್ನೂ ಎಳೆಯದು, ಗಾಡಿಗೆ ಹೂಡಿರಲಿಲ್ಲ. ಕಾಕಾನ ಹದಿನಾಲ್ಕು ವರ್ಷದ ಮಗ ಬರಿಬೆನ್ನಿನ ಮೇಲೆ ಕೂತು ಹಳ್ಳದ ಕಡೆ ಹೋಗಿಬರುತ್ತಿದ್ದ. ಅವನ ಜೊತೆ ಅದು ಬೆಕ್ಕಿನ ಮರಿಯ ಹಾಗೆ ಇತ್ತು.

ಆ ತಿಂಗಳು ಶಾಖೆಯಲ್ಲಿ ಸಾಲ ವಿತರಣೆಯ ಸಮಾರಂಭ. ಸಂತೆ ಮೈದಾನದಲ್ಲಿ ಶಾಮಿಯಾನ, ಮೈಕು, ಬ್ಯಾಂಡಿನವರು. ಮೇಲಿನ ಆಫೀಸಿನಿಂದ ಅತಿಥಿಗಳು ಬರುವವರು. ಫಲಾನುಭವಿಗಳು ತಮ್ಮ ತಮ್ಮ ಎಮ್ಮೆ, ಆಡುಗಳ ಸಮೇತ ಮೆರವಣಿಗೆಯಲ್ಲಿ ಬರಲಿ ಎಂದು ತೀರ್ಮಾನವಾಯಿತು. ಕುದುರೆ ಮುಂದಿರಲಿ, ಹುಡುಗ ಅದರ ಮೇಲೆ ಕೂತು ಬರಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಹೇಳಿದವನು, ಬೇರೆ ಯಾರೂ ಅಲ್ಲ, ನಾನೇ. ಮ್ಯಾನೇಜರಿಗೆ ಖುಷಿಯಾಯಿತು. ಇಬ್ಬರೂ ಕಾಕಾನ ಮನೆಗೆ ಹೋದೆವು.

ಕಾಕಾ ಕುದುರೆಯ ಕತ್ತು ಸವರುತ್ತಲೇ ಹೇಳಿದರು: "ಸಾಹೇಬ್ರ, ಇದು ಇನ್ನಾ ಮಂದಿ ಕಂಡಿದ್ದಲ್ರೀ. ಬಾಜಾ ಕೇಳಿಲ್ಲ, ಏನಿಲ್ಲ. ಒಂದ ತಿಂಗಳ ತಡೀರಿ. ದಿನಾ ಸಂತಿ ಕಡೆ ನಡಸಿಕೊಂಡು ಹೋಗಿ ರೂಢಿ ಮಾಡ್ತೀನಿ. ಆಮ್ಯಾಲೆ ನೀವು ಎಲ್ಲಿ ಅಂತೀರಿ ಅಲ್ಲಿ ನಿಂದರಸ್ತೀನಿ."

ಮ್ಯಾನೇಜರ್ ನನ್ನ ಮುಖ ನೋಡಿದರು. ಏನಂತಾನೆ ಎಂದು ಮರಾಠಿಯಲ್ಲಿ ಕೇಳಿದರು. ನಾನು ಏನು ಹೇಳಿದೆ ಗೊತ್ತೇ? "ತಯಾರಿದ್ದಾರೆ ಸರ್, ಸ್ವಲ್ಪ ಹುಷಾರಾಗಿ ನೋಡಿಕೊಳ್ಳಬೇಕಂತೆ." ಅಷ್ಟೇ. ಆ ಮಾತು ಮಾಡಿದ್ದು ನಾನು, ಅದು ಬಿದ್ದುಹೋಗುವುದು ನನಗೆ ಬೇಕಿರಲಿಲ್ಲ. ಕಾಕಾನ ಕಡೆ ತಿರುಗಿ "ಏನೂ ಆಗೂದಿಲ್ಲ ಕಾಕಾ, ಹತ್ತು ನಿಮಿಷದ ಕೆಲಸ" ಎಂದೆ. ಸಾಲ ಕೊಟ್ಟ ಮನೆಯವರು ಹೇಳಿದ ಮೇಲೆ ಅವರು ಇನ್ನೇನು ಹೇಳಿಯಾರು?

ಆ ದಿನ ಕುದುರೆಗೆ ಸ್ನಾನ ಮಾಡಿಸಿ, ಕತ್ತಿಗೆ ಗೊಂಡೆ ಕಟ್ಟಿ, ಹುಡುಗನಿಗೆ ಹೊಸ ಅಂಗಿ ಹಾಕಿ ಕರೆತಂದರು. ಮೈದಾನದ ಅಂಚಿಗೆ ಬರುವ ತನಕ ಚೆನ್ನಾಗಿಯೇ ಇತ್ತು. ಕಿವಿ ಮಾತ್ರ ಒಂದೇ ಸಮನೆ ಆಡುತ್ತಿದ್ದವು. ನಾನು ಅದನ್ನು ಚುರುಕುತನ ಎಂದುಕೊಂಡೆ. ಬ್ಯಾಂಡು ಶುರುವಾಯಿತು. ಅದೇ ಹೊತ್ತಿಗೆ ಮೈಕು ಕೀರಲು ದನಿಯಲ್ಲಿ ಕೂಗಿಕೊಂಡಿತು, ಗಾಳಿಗೆ ಶಾಮಿಯಾನದ ಬಟ್ಟೆ ಹಿಂದಿನಿಂದ ಪಟಾರನೆ ಬಡಿಯಿತು. ಕುದುರೆ ಮುಂಗಾಲೆತ್ತಿ ನಿಂತಿತು. ಹುಡುಗ ಹಿಂದಕ್ಕೆ ಬಿದ್ದ. ಎಮ್ಮೆಗಳು ಚೆದುರಿದವು, ಮಂದಿ ಓಡಿದರು. ಕಾಕಾ ಹೇಗೋ ಹಗ್ಗ ಹಿಡಿದರು. ಅಷ್ಟು ಜನರ ಮುಂದೆ, ಅತಿಥಿಗಳ ಮುಂದೆ ಆದ ಅವಮಾನಕ್ಕೋ ಏನೋ, ಎಂದೂ ಹೊಡೆಯದ ಮನುಷ್ಯ ಚಬಕ ಕಸಿದುಕೊಂಡು ಆ ಕುದುರೆಯನ್ನು ಅಲ್ಲೇ ಬಾರಿಸಿದರು. ಶಾಮಿಯಾನದ ಕಂಬದ ಪಕ್ಕದಲ್ಲೇ.

ಹುಡುಗನ ಬಲಗೈ ಮುರಿದಿತ್ತು. ಕೂಡಿಕೊಂಡಿತು, ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ಕುದುರೆಗೆ ಎಲುಬು ಮುರಿದಿರಲಿಲ್ಲ. ಆದರೆ ಅಂದಿನಿಂದ ಅದು ಸಂತೆ ಮೈದಾನದ ಹತ್ತಿರ ಸುಳಿಯಲಿಲ್ಲ. ಮೈದಾನ ಇನ್ನೂ ನೂರು ಮಾರು ದೂರವಿರುವಾಗಲೇ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತು. ಟಾಂಗಾ ಸ್ಟ್ಯಾಂಡು ಇದ್ದದ್ದು ಅದೇ ಮೈದಾನದ ಪಕ್ಕ. ಸ್ಟ್ಯಾಂಡಿಗೆ ಹೋಗದ ಕುದುರೆ ಕಟ್ಟಿಕೊಂಡು ಟಾಂಗಾವಾಲಾ ಏನು ಮಾಡಬೇಕು? ಆರು ತಿಂಗಳ ಮೇಲೆ ಅರ್ಧ ಬೆಲೆಗೆ ಮಾರಿದರು. ಅದೂ ಒಂದು ತಪ್ಪೇ. ಒತ್ತೆ ಇಟ್ಟ ಆಸ್ತಿ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಅದರ ನೋಟೀಸಿನ ಕರಡನ್ನೂ ನಾನೇ ಬರೆದೆ. ಕಾಕಾ ಬೇರೆಯವರ ಟಾಂಗಾ ಹೊಡೆದು ಐವತ್ತು, ನೂರು ಎಂದು ತಂದು ಕಟ್ಟುತ್ತಿದ್ದರು. ಕೌಂಟರಿನಲ್ಲಿ ನಾನಿರುತ್ತಿದ್ದೆ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಕೊನೆಯ ಕಂತು ಕಟ್ಟುವ ಹೊತ್ತಿಗೆ ನನಗೆ ವರ್ಗವಾಗಿತ್ತು.

ಜೆನೊಫೋನನ ಪುಸ್ತಕದಲ್ಲಿ ಆ ಗೆರೆ ಎಳೆದ ಜಾಗ ಓದಿದಾಗ ನನಗೆ ಎದೆಗೆ ಗುದ್ದಿದ ಹಾಗಾದದ್ದು ಇದಕ್ಕೇ. ಒಂದು ತಿಂಗಳು, ದಿನಾ ಸಂತೆಯ ಕಡೆ ನಡೆಸಿ ರೂಢಿ ಮಾಡುವುದು ಎಂದು ಅಕ್ಷರ ಬಾರದ ಕಾಕಾ ಹೇಳಿದ್ದೂ, ಸಂದಣಿಯಲ್ಲಿ ನಡೆಸಿ ತರತರದ ಸದ್ದು ರೂಢಿ ಮಾಡು ಎಂದು ಸಾಕ್ರಟೀಸನ ಶಿಷ್ಯ ಬರೆದದ್ದೂ ಒಂದೇ ಮಾತು. ಹೆದರಿದ ಕುದುರೆಯನ್ನು ಹೊಡೆಯಬಾರದು ಎಂಬುದೂ ಕಾಕಾನಿಗೆ ಗೊತ್ತಿತ್ತು. ಗೊತ್ತಿದ್ದವರ ಕೈಯಲ್ಲಿ ಚಬಕ ಬರುವಂಥ ಹೊತ್ತನ್ನು ತಂದಿಟ್ಟವರು ನಾವು.

ಇಂದಿಗೂ ಈ ವಿದ್ಯೆ ಬದಲಾಗಿಲ್ಲ. ಬ್ರಿಟನ್ನು, ಐರ್ಲೆಂಡುಗಳಲ್ಲಿ ಕುದುರೆ ಪ್ರದರ್ಶನ ದೊಡ್ಡ ಸಂಪ್ರದಾಯ. ಡಬ್ಲಿನ್ನಿನ ಪ್ರದರ್ಶನ 1864ರಲ್ಲಿ ಶುರುವಾದದ್ದು. ಸವಾರಿಯ ವಿಭಾಗದಲ್ಲಿ ಕುದುರೆಗಳು ಒಟ್ಟಿಗೆ ಸುತ್ತು ಬರಬೇಕು, ನಡಿಗೆ, ದುಡುಕಿ, ಓಟ ಎಲ್ಲ ತೋರಿಸಬೇಕು, ಸಾಲಾಗಿ ತೆಪ್ಪಗೆ ನಿಲ್ಲಬೇಕು. ಕೆಲವು ವಿಭಾಗಗಳಲ್ಲಿ ತೀರ್ಪುಗಾರರೇ, ಅಂದರೆ ಕುದುರೆ ಎಂದೂ ಕಾಣದ ಮನುಷ್ಯ, ಹತ್ತಿ ಓಡಿಸಿ ನೋಡುತ್ತಾರೆ. ಅನುಭವಸ್ಥರು ಹೊಸ ಕುದುರೆಯನ್ನು ಮೊದಲ ಸಲ ಸ್ಪರ್ಧೆಗೆ ಹಚ್ಚುವುದೇ ಇಲ್ಲ. ಸುಮ್ಮನೆ ಪ್ರದರ್ಶನದ ಜಾಗಕ್ಕೆ ಕರೆದೊಯ್ದು, ಧ್ವನಿವರ್ಧಕ, ಬಾವುಟ, ಮಕ್ಕಳ ಗಾಡಿ ಎಲ್ಲ ದೂರದಿಂದ ತೋರಿಸಿ, ಮೇಯಿಸಿ ವಾಪಸ್ಸು ತರುತ್ತಾರೆ. ಮನೆಯಲ್ಲಿ ನಾಲ್ಕಾರು ಕುದುರೆಗಳ ಜೊತೆ ಸುತ್ತುವುದು, ಗುಂಪು ಬಿಟ್ಟು ಒಂಟಿಯಾಗಿ ಮುಂದೆ ಬರುವುದು, ಬೇರೆಯವರು ಹತ್ತುವುದು ಎಲ್ಲವನ್ನೂ ಮೊದಲೇ ರೂಢಿ ಮಾಡಿಸುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ನೋಡಿ. ಜಂಬೂಸವಾರಿಯ ದಿನ ಏಳು ಫಿರಂಗಿಗಳಿಂದ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಮನುಷ್ಯರೇ ಬೆಚ್ಚುತ್ತಾರೆ. ಅದಕ್ಕೇ ದಸರೆಗೆ ಮುಂಚಿನ ವಾರಗಳಲ್ಲಿ ಆನೆಗಳನ್ನೂ ಪೊಲೀಸ್ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿಕೊಂಡು ತೋಪು ಹಾರಿಸುವ ತಾಲೀಮು ನಡೆಯುತ್ತದೆ. ಒಂದು ಸಲ ಅಲ್ಲ, ಬೇರೆ ಬೇರೆ ದಿನ ಹಲವು ಸಲ. ಹೊಸದಾಗಿ ಬಂದವು ಮೊದಲ ಸದ್ದಿಗೆ ಬೆದರುತ್ತವೆ, ಹಿಂದೆ ಸರಿಯುತ್ತವೆ. ಪಕ್ಕದಲ್ಲಿ ಹಳೆಯವು ಅಲುಗದೆ ನಿಂತಿರುತ್ತವೆ, ಮಾವುತರು, ಸವಾರರು ಮೈ ತಟ್ಟುತ್ತ ಇರುತ್ತಾರೆ. ನಾವು ಟೀವಿಯಲ್ಲಿ ನೋಡುವುದು ವಿಜಯದಶಮಿಯ ಆ ಒಂದು ಮಧ್ಯಾಹ್ನ. ಅದು ನೆಟ್ಟಗೆ ನಡೆದದ್ದು ಯಾರೂ ನೋಡದ ಈ ದಿನಗಳಿಂದ.

ಈಗ ನಮ್ಮ ಶಾಖೆಗೆ ಹೊಸ ಹುಡುಗರು ಬಂದರೆ ಅವರನ್ನು ಮೊದಲ ವಾರವೇ ತಿಂಗಳ ಆರಂಭದ ನೂಕುನುಗ್ಗಲಿನಲ್ಲಿ ಕ್ಯಾಶ್ ಕೌಂಟರಿಗೆ ಕೂರಿಸಲು ನಾನು ಬಿಡುವುದಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸು, ನೋಡಲಿ, ಸದ್ದು ಕೇಳಲಿ ಎನ್ನುತ್ತೇನೆ. ಇದೇನು ಸರ್ ನಿಮ್ಮ ಪದ್ಧತಿ ಎಂದು ಕೆಲವರು ಬೇಸರಪಡುತ್ತಾರೆ. ಅವರಿಗೆ ಕುದುರೆಯ ಕತೆ ಹೇಳಿಲ್ಲ. ಸ್ಟ್ರಾಂಗ್ ರೂಮಿನ ಮಾತು ಕೇಳಿ ನಕ್ಕ ದಿನವೂ ಹೇಳಲಿಲ್ಲ.

ಪರಊರಿನಲ್ಲಿರುವ ನಾವೆಲ್ಲ ಒಂದಲ್ಲ ಒಂದು ದಿನ ಎರಡು ಭಾಷೆಯ ನಡುವೆ ನಿಂತವರೇ. ಆಸ್ಪತ್ರೆಯಲ್ಲಿ, ಆಫೀಸಿನಲ್ಲಿ, ಪೊಲೀಸ್ ಚೌಕಿಯಲ್ಲಿ, ನಮ್ಮವರೊಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದವರೇ. ಆ ಜಾಗದಲ್ಲಿ ನಿಂತಾಗ ಒಂದು ವಾಕ್ಯ ನುಂಗಿಬಿಡುವುದು ಬಹಳ ಸುಲಭ. 1991ರಲ್ಲಿ ಆ ಅಂಗಳದಲ್ಲಿ ಕನ್ನಡ, ಮರಾಠಿ ಎರಡೂ ಗೊತ್ತಿದ್ದವನು ನಾನೊಬ್ಬನೇ. 'ಒಂದು ತಿಂಗಳು ತಡೀರಿ' ಎಂಬ ಅಷ್ಟನ್ನು ನಾನು ಮರಾಠಿಯಲ್ಲಿ ಹೇಳಬೇಕಿತ್ತು.